ಟಪಾಲು ಒಡೆದವರು

28 ಅಕ್ಟೋಬರ್, ಮಂಗಳವಾರ. ಬೆಳಿಗ್ಗೆ 5.40, ಗೋಕಾಕ ಬಸ್ ಸ್ಟ್ಯಾಂಡ್

ಮೊದಲ ಟ್ರಿಪ್ ಹುಕ್ಕೇರಿ. ಡ್ರೈವರ್ ಕಾಕಾ ಚಹಾಕ್ಕೆ ಹೋಗಿದ್ದಾರೆ. ಟಿಕೆಟ್ ಮಶಿನ್ ಅರ್ಧ ಚಾರ್ಜು, ನಿನ್ನೆಯ ಪಾಳಿಯವರು ಹಾಗೇ ಇಟ್ಟು ಹೋಗಿದ್ದಾರೆ. ಕಬ್ಬಿನ ಸೀಜನ್ ಶುರು. ಇನ್ನು ನಾಲ್ಕು ತಿಂಗಳು ರಸ್ತೆ ತುಂಬ ಟ್ರ್ಯಾಕ್ಟರು. ಹೇಳಿದ ಹೊತ್ತಿಗೆ ಬಸ್ಸು ಮುಟ್ಟುವುದಿಲ್ಲ, ಬೈಗುಳ ಕಂಡಕ್ಟರಿಗೆ.

ಸ್ಟ್ಯಾಂಡಿನ ಗೋಡೆಗೆ ಪೋಸ್ಟರ್ ಬಂತು. ‘ಭೂಮಿ ಯಜಮಾನರಿಗೆ ಟಪಾಲು’. ಹತ್ತು ನಿಮಿಷ ಅದರ ಮುಂದೇ ನಿಂತಿದ್ದೆ. ಇಪ್ಪತ್ತೇಳು ವರ್ಷದಿಂದ ಓದುತ್ತಿರುವ ಕಾದಂಬರಿ. ಅಂಕಲಗಿ ಶಾಲೆಯಲ್ಲಿ, ಹದಿಮೂರರ ವಯಸ್ಸಿನಲ್ಲಿ, ಬೆಂಚಿನ ಕೆಳಗೆ ಇಟ್ಟುಕೊಂಡು ಓದಿ ನಕ್ಕು ಹೊರಗೆ ನಿಲ್ಲಿಸಿಕೊಂಡದ್ದು. ಈಗ ಗೋಡೆಯ ಮೇಲೆ.

ಕೆಳಗೆ ಸಣ್ಣಕ್ಷರ: ಚಿತ್ರಕಥೆ, ಸಂಭಾಷಣೆ — ಗುರುರಾಜ. ಈ ಪುಸ್ತಕ ಮೆಚ್ಚುವ ನಮ್ಮ ಬಳಗದ ಗುರುರಾಜ ಸರ್.

ಹೀರೋ ಕೈಯಲ್ಲಿ ಗನ್ ಇದೆ. ಪುಸ್ತಕದಲ್ಲಿ ಗನ್ ಇಲ್ಲ... ಇರಲಿ. ಪೋಸ್ಟರ್ ಅಲ್ಲವೇ.

29 ಅಕ್ಟೋಬರ್, ಬುಧವಾರ. ಸಂಜೆ

ಕಾಜಲ್ ತಾನಾಗಿ ಕೇಳಿದಳು — ಪುಸ್ತಕದಲ್ಲಿ ಅಂಥದ್ದೇನಿದೆ ಅಂತ. ಹದಿನಾರು ವರ್ಷದ ಮಗಳು ಪುಸ್ತಕದ ಬಗ್ಗೆ ಕೇಳುವುದು ದೊಡ್ಡ ಮಾತು. ರೊಟ್ಟಿ ಬಡಿಯುತ್ತಲೇ ಹೇಳಿದೆ.

ಪುಂಯ್ಯಪ್ಪ ಬೇರೆ ಗ್ರಹದ ಟಪಾಲಿನವನು. ಮೂರು ಮೊಣಕಾಲು. ಅವನ ನಿಜವಾದ ಹೆಸರು ಮನುಷ್ಯರ ಕಿವಿಗೆ ‘ಪುಂಯ್’ ಅಂತ ಮಾತ್ರ ಕೇಳಿಸುತ್ತದೆ, ಅದಕ್ಕೆ ಮೂಡಲಗಿಯವರು ಅಪ್ಪ ಸೇರಿಸಿದ್ದು. ಮೂಡಲಗಿ ಸಂತೆಯಲ್ಲಿ ಇಳಿಯುತ್ತಾನೆ. ಚೀಲದಲ್ಲಿ ಒಂದೇ ಪತ್ರ. ವಿಳಾಸ: ಯಜಮಾನರು, ಭೂಮಿ. ಯಾರಿಗೆ ಕೊಡಬೇಕು? ಕಚೇರಿ ಕಚೇರಿ ಅಲೆಯುತ್ತಾನೆ. ಆ ಕಿಟಕಿಗೆ ಹೋಗ್ರಿ ಅಂದರೆ ಕಿಟಕಿ ಹತ್ತಿ ಒಳಗೆ ಹೋಗುತ್ತಾನೆ. ನಾಳಿ ಬರ್ರಿ ಅಂದರೆ, ನಾಳೆ ಯಾವ ಊರು, ಎಷ್ಟು ದೂರ ಅಂತ ಕೇಳುತ್ತಾನೆ. ಅವನ ಗ್ರಹದಲ್ಲಿ ನಾಳೆ ಅನ್ನುವ ಪದವೇ ಇಲ್ಲ. ಭೂಮಿಗೆ ಯಜಮಾನ ನಾನು ಅಂತ ಸಹಿ ಹಾಕಲು ಒಬ್ಬನೂ ತಯಾರಿಲ್ಲ. ಕೊನೆಗೆ ಬಸ್ ಸ್ಟ್ಯಾಂಡಿನಲ್ಲಿ ಶೇಂಗಾ ಮಾರುವ ಮುದಕವ್ವ, ಮಳೆಯಲ್ಲಿ ತೊಯ್ದೀತು ಕೊಡಪಾ ಅಂತ ತೆಗೆದುಕೊಳ್ಳುತ್ತಾಳೆ. ಅವಳಿಗೆ ಓದು ಬಾರದು. ಯಾರಿಂದಲೂ ಓದಿಸುವುದಿಲ್ಲ. ಬೇರೆಯವರ ಪತ್ರ ಒಡೆಯಬಾರದು ಅನ್ನುತ್ತಾಳೆ. ಪುಸ್ತಕ ಅಲ್ಲಿಗೆ ಮುಗಿಯಿತು.

“ಮತ್ತ ಒಳಗ ಏನ ಇತ್ತ?” ಅಂದಳು.

ಮೂವತ್ತು ವರ್ಷದಿಂದ ಎಲ್ಲರೂ ಕೇಳುವುದು ಅದನ್ನೇ. ಯಾರಿಗೂ ಗೊತ್ತಿಲ್ಲ, ಅದೇ ಅದರ ಚಂದ ಅಂದೆ. ಅವಳಿಗೆ ಚಂದ ಅನಿಸಲಿಲ್ಲ.

2 ನವೆಂಬರ್, ಭಾನುವಾರ

ಮೂಡಲಗಿಯಲ್ಲಿ ಬಳಗ ಸೇರಿದ್ದೆವು. ಪ್ರತಿ ತಿಂಗಳ ಹಾಗೆ ಸಾಯಿರಾ ಅಂಗಡಿಯಲ್ಲೇ. ಅವಳ ಅಬ್ಬಾ ಅಕ್ಬರಸಾಬರು ರೇಡಿಯೋ ರಿಪೇರಿ ಮಾಡುತ್ತ, ಅದೇ ಟೇಬಲ್ಲಿನ ಮೇಲೆ ಈ ಕಾದಂಬರಿ ಬರೆದರು. ಬರೆದದ್ದು ಅದೊಂದೇ. ಈಗ ಅಲ್ಲಿ ಸಾಯಿರಾ ಮೊಬೈಲ್ ರಿಪೇರಿ ಮಾಡುತ್ತಾಳೆ.

ಕೌಜಲಗಿಯಿಂದ ಅಲ್ಲಪ್ಪ ಕಾಕಾ ಬಂದಿದ್ದರು. ರಿಟಾಯರ್ಡ್ ಪೋಸ್ಟಮನ್, ಎಪ್ಪತ್ತಾರು. ಸಿನಿಮಾಕ್ಕೆ ಹಳೇ ಖಾಕಿ ಹಾಕಿಕೊಂಡು ಬರುತ್ತಾರಂತೆ. ಕುಲಗೋಡದ ವಿಶಾಲನೂ ಬಂದಿದ್ದ. ಮೆಡಿಕಲ್ ಅಂಗಡಿ ಇಟ್ಟಿದ್ದಾನೆ, ಪುಸ್ತಕದ ಯಾವ ಪುಟದಲ್ಲಿ ಏನಿದೆ ಅಂತ ಬಾಯಿಪಾಠ. ಎಲ್ಲರಿಗೂ ಟಿಕೆಟ್ ಅವನೇ ಬುಕ್ ಮಾಡಿದ್ದಾನೆ. ಗುರುರಾಜ ಸರ್ ಬರಲಿಲ್ಲ — ಬೆಂಗಳೂರಿನಲ್ಲಿ ಪ್ರೆಸ್‌ಮೀಟ್.

ಗೋಡೆಯ ಶೆಲ್ಫಿನಲ್ಲಿ ತಗಡಿನ ಡಬ್ಬಿ ಕಾಣಲಿಲ್ಲ. ಅಕ್ಬರಸಾಬರು ತೀರಿಕೊಂಡು ವರ್ಷವಾದಾಗ, 2014ರಲ್ಲಿ, ಬಳಗದವರೆಲ್ಲ ಒಂದು ಆಟ ಆಡಿದ್ದೆವು. ಪುಂಯ್ಯಪ್ಪನ ಪತ್ರದಲ್ಲಿ ಏನಿತ್ತು ಅಂತ ಒಬ್ಬೊಬ್ಬರೂ ಬರೆದು, ಯಾರಿಗೂ ತೋರಿಸದೆ, ಕೆಳಗೆ ಹೆಸರು ಹಾಕಿ ಆ ಡಬ್ಬಿಯಲ್ಲಿ ಇಟ್ಟೆವು. ಸಾಯಿರಾ ಮುಚ್ಚಳಕ್ಕೆ ಬೆಸುಗೆ ಹಾಕಿದಳು. ಎಂದೂ ಒಡೆಯಬಾರದು ಅಂತ ಮಾತು.

ಡಬ್ಬಿ ಎಲ್ಲಿ ಅಂದೆ. ಮನೆಯಲ್ಲಿದೆ ಅಂದಳು. ಮುಖ ಎತ್ತಲಿಲ್ಲ, ಯಾರದೋ ಫೋನು ಬಿಚ್ಚುತ್ತಿದ್ದಳು.

7 ನವೆಂಬರ್, ಶುಕ್ರವಾರ

ನೋಡಿ ಬಂದೆ.

ಬರೆಯಲಾಗುವುದಿಲ್ಲ.

8 ನವೆಂಬರ್, ಶನಿವಾರ. ಮಧ್ಯಾಹ್ನ, ಹುಕ್ಕೇರಿ ಸ್ಟ್ಯಾಂಡ್

ನಲವತ್ತು ನಿಮಿಷ ಇದೆ. ಬರೆದುಬಿಡುತ್ತೇನೆ.

ಮೂಡಲಗಿ ಇಲ್ಲ. ಊರಿಗೆ ಹೆಸರೇ ಇಲ್ಲ, ಯಾವುದೋ ಬೀಚು. ಮುದಕವ್ವ ಇಲ್ಲ — ಅವಳ ಜಾಗದಲ್ಲಿ ಟಿವಿ ಚಾನೆಲ್ಲಿನ ಹುಡುಗಿ. ಪುಂಯ್ಯಪ್ಪನಿಗೆ ಎರಡೇ ಮೊಣಕಾಲು, ನಾಲ್ಕು ಫೈಟು. ಕಚೇರಿಗಳಿಲ್ಲ, ಕಿಟಕಿ ಇಲ್ಲ. ‘ನಾಳೆ ಯಾವ ಊರು’ ಇದೆ, ಆದರೆ ಹೀರೋ ಅದನ್ನು ವಿಲನ್ ಕೊರಳು ಹಿಡಿದು ಹೇಳುತ್ತಾನೆ. ಇಡೀ ಸಿನಿಮಾದಲ್ಲಿ ನಮ್ಮ ಮಾತು ಆಡುವವನು ಒಬ್ಬನೇ, ಕೋಳಿ ಕಳ್ಳ. ಅವನು ಐತಿ ಅಂದಾಗೆಲ್ಲ ನಗು. ಗೋಕಾಕದವರೇ ನಕ್ಕರು. ಥೇಟರಿನಿಂದ ಹೊರಗೆ ಬಂದು ಚಹಾ ಐತೇನ್ರಿ ಅಂತ ಕೇಳುವವರು.

ವಿಶಾಲ ಮಧ್ಯಂತರದಲ್ಲಿ ಎದ್ದು ಹೋದ, ಮತ್ತೆ ಬಂದ. ಅಲ್ಲಪ್ಪ ಕಾಕಾ ಇಸ್ತ್ರಿ ಮಾಡಿದ ಖಾಕಿಯಲ್ಲಿ ಕೊನೆಯವರೆಗೆ ನೆಟ್ಟಗೆ ಕೂತಿದ್ದರು. ಹೊರಗೆ ಬಂದ ಮೇಲೆ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. “ಚೀಲನ ಕೊಟ್ಟಿಲ್ಲ ನೋಡವಾ ಅವಗ,” ಅಂದರು. ಅಷ್ಟೇ. ಕೌಜಲಗಿ ಬಸ್ಸಿಗೆ ನಡೆದರು.

ಇದೆಲ್ಲ ಆಗಲಿ. ಇದನ್ನು ಬಳಗದವರೆಲ್ಲ ಸೇರಿ ಬೈಯಬಹುದು, ನಗಬಹುದು, ಮರೆಯಬಹುದು.

ಪತ್ರ ಒಡೆದರು.

ಕ್ಲೈಮ್ಯಾಕ್ಸು. ಚಾನೆಲ್ ಹುಡುಗಿ ಲಕೋಟೆ ಹರಿಯುತ್ತಾಳೆ. ಬೇರೆ ಗ್ರಹದ ತಾಯಿಯೊಬ್ಬಳು ಬರೆದ ಪತ್ರವಂತೆ. ಮ್ಯೂಸಿಕ್ ನಿಂತಿತು. ಓದಿದಳು —

‘ಭೂಮಿಯ ಯಜಮಾನರಿಗೆ. ನಮ್ಮಲ್ಲಿಗೆ ಒಂಬತ್ತು ದಿನದ ಮಟ್ಟಿಗೆ ಬಂದು ಹೋದವಳ ತಾಯಿ ಬರೆದುಕೊಂಡ ಅರ್ಜಿ. ಯಾವ ಕಿಟಕಿಯಲ್ಲಿ ಕೊಡಬೇಕೋ ತಿಳಿಯಲಿಲ್ಲ. ಅವಳನ್ನು ಹಸಿರು ಕುಂಚಿಗೆಯಲ್ಲಿ ಸುತ್ತಿಕೊಂಡಿದ್ದೆ. ಕರೆಸಿಕೊಳ್ಳುವಾಗ ಕುಂಚಿಗೆ ಇಲ್ಲೇ ಬಿಟ್ಟಿರಿ. ಅವಳಿರುವಲ್ಲಿ ಚಳಿ ಇದ್ದರೆ ತಿಳಿಸಿ, ಕಳಿಸಿಕೊಡುತ್ತೇನೆ. ವಿಳಾಸ ಬರೆಯಿರಿ.’

ನನ್ನದು. ಅಕ್ಷರ ಅಕ್ಷರ ನನ್ನದು. ಡಬ್ಬಿಯಲ್ಲಿ ಇಟ್ಟದ್ದು.

ಆರುನೂರು ಜನ ಉಸಿರು ಬಿಡದೆ ಕೂತಿದ್ದರು. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಸೀಟಿದರು. ಒಂದು ಗಳಿಗೆ — ಸುಳ್ಳು ಯಾಕೆ ಬರೆಯಲಿ — ಒಂದು ಗಳಿಗೆ ಹೆಮ್ಮೆ ಆಯಿತು. ಈಗ ಎಲ್ಲಕ್ಕಿಂತ ಹೆಚ್ಚು ಸುಡುತ್ತಿರುವುದು ಅದೇ.

ಬಾಜೂದಲ್ಲಿ ಇವರು ಕೂತಿದ್ದರು. ಕುಂಚಿಗೆ ಅಂದ ಕೂಡಲೇ ಮುಂದಿನ ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದರು. ಕೊನೆಯವರೆಗೂ ಬಿಡಲಿಲ್ಲ.

9 ನವೆಂಬರ್, ಭಾನುವಾರ. ಬೆಳಿಗ್ಗೆ

ಇವರು — ಶಿವಾನಂದ ಅಂತ ಹೆಸರು ಹಿಡಿದು ಬರೆಯಲು ಡೈರಿಯಲ್ಲೂ ನಾಚಿಕೆ — ಥೇಟರಿನಿಂದ ಬಂದ ಮೇಲೆ ಒಂದು ಮಾತೂ ಆಡಿರಲಿಲ್ಲ. ಇವತ್ತು ವೆಲ್ಡಿಂಗ್ ಶಾಪಿಗೆ ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು.

“ಕುಂಚಗಿ ಎಲ್ಲೈತಿ?”

“ಟ್ರಂಕಿನ್ಯಾಗ ಐತ್ರಿ.”

“ಸಿನಿಮಾದವರಿಗೆ ನೀ ಹೇಳಿದೇನ?”

ಇಲ್ಲ ಅಂದೆ. ಮತ್ತೆ ಅವರಿಗೆ ಹೇಗೆ ಗೊತ್ತಾಯಿತು ಅಂದರು. ಬರೆದಿಟ್ಟಿದ್ದೆ ಅಂದೆ.

“ಯಾರಿಗೆ?”

ಒಲೆಯ ಮೇಲಿನ ಹಾಲು ಇಳಿಸಲು ತಿರುಗಿದೆ. ಚಪ್ಪಲಿ ಮೆಟ್ಟಿ ಹೋದರು.

ಆ ಹಸಿರು ಬಟ್ಟೆ ಇವರೇ ಹುಕ್ಕೇರಿ ಪೇಟೆಯಿಂದ ತಂದದ್ದು. ಕೂಸಿನ ತಲೆ, ಬೆನ್ನು ಮುಚ್ಚುವ ಕುಂಚಿಗೆ ಹೊಲಿದದ್ದು ನಾನು. 2007ರ ಮಾಗಿ ಚಳಿ. ಒಂಬತ್ತನೇ ದಿನ ಬೆಳಿಗ್ಗೆ ಕೂಸು ಹಾಲು ಹಿಡಿಯಲಿಲ್ಲ. ಆಮೇಲೆ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಎರಡು ವರ್ಷಕ್ಕೆ ಕಾಜಲ್ ಹುಟ್ಟಿದಾಗ ಅತ್ತೆ ಹೇಳಿದರು, ಈ ಕೂಸಿಗೆ ಅದನ್ನು ಹೇಳುವುದು ಬೇಡ ಅಂತ. ಅತ್ತೆ ಹೋಗಿ ಎಂಟು ವರ್ಷವಾಯಿತು. ಆ ಮಾತು ಹೋಗಲಿಲ್ಲ.

ಅದೇ ದಿನ, ಸಂಜೆ

ವಾಟ್ಸಾಪ್ ಗ್ರೂಪಿನಲ್ಲಿ ಇನ್ನೂರು ಮೆಸೇಜು. ಎಲ್ಲರಿಗೂ ಸಿಟ್ಟು. ಮುದಕವ್ವನನ್ನು ಕೊಂದರು, ಮೂಡಲಗಿಯನ್ನು ನುಂಗಿದರು. ವಿಶಾಲ ಏಳು ನಿಮಿಷದ ವಾಯ್ಸ್ ಕಳಿಸಿದ್ದಾನೆ. ಗನ್ನಿಗಿಂತ, ಬೀಚಿಗಿಂತ ಅವನಿಗೆ ಹೇಸಿಗೆ ಬಂದದ್ದು ಪತ್ರದ ಸೀನಿಗಂತೆ. ನಗಿಸುವ ಪುಸ್ತಕಕ್ಕೆ ಸತ್ತ ಕೂಸನ್ನು ತಂದು ಅಂಟಿಸಿದ್ದಾರೆ, ಇದು ಕಣ್ಣೀರು ಹಿಂಡುವ ಧಂದೆ, ಇಷ್ಟು ಚೀಪ್ ಬರವಣಿಗೆ ನೋಡೇ ಇಲ್ಲ — ಹೀಗೆ.

ಹದಿನೆಂಟು ಜನ ಹೆಬ್ಬೆರಳು ಒತ್ತಿದ್ದಾರೆ. ಸಾಯಿರಾ ಒತ್ತಿಲ್ಲ. ನಾನೂ.

ಗುರುರಾಜ ಸರ್ ಗ್ರೂಪಿನಲ್ಲಿ ಇದ್ದಾರೆ. ಎಲ್ಲವನ್ನೂ ಓದಿದ್ದಾರೆ. ಸುಮ್ಮನಿದ್ದಾರೆ.

13 ನವೆಂಬರ್, ಗುರುವಾರ

ಘಟಪ್ರಭಾ ದಾಟಿದ ಮೇಲೆ ಬಸ್ಸು ಪೂರ್ತಿ. ಟಿಕೆಟ್ ಕೊಡುತ್ತ ಹಿಂದೆ ಹೋದರೆ ಕೊನೆಯ ಸೀಟಿನಲ್ಲಿ ಇಬ್ಬರು ಕಾಲೇಜ್ ಹುಡುಗಿಯರು ಒಂದೇ ಫೋನಿನಲ್ಲಿ ಆ ಸೀನು ನೋಡುತ್ತಿದ್ದರು. ‘ವಿಳಾಸ ಬರೆಯಿರಿ’ — ಅಲ್ಲಿಗೆ ಬಂದು ನಿಲ್ಲಿಸುತ್ತಾರೆ, ಮತ್ತೆ ಮೊದಲಿನಿಂದ ಹಾಕುತ್ತಾರೆ. ಎದುರಿಗೆ ಕೂತಿದ್ದ ಕೂಸಿನ ತಾಯಿ ತನ್ನ ಕೂಸಿನ ಕಿವಿ ಮುಚ್ಚುವಂತೆ ಸೆರಗು ಎಳೆದುಕೊಂಡಳು.

ಇಬ್ಬರಿಗೆ ತಪ್ಪು ಸ್ಟೇಜಿನ ಟಿಕೆಟ್ ಕೊಟ್ಟೆ. ಹದಿನೈದು ವರ್ಷದ ಸರ್ವಿಸಿನಲ್ಲಿ ಹೀಗೆ ಆಗಿದ್ದು ನೆನಪಿಲ್ಲ.

ಗುರುರಾಜ ಸರ್ ಪರಿಚಯವಾದದ್ದು ಇದೇ ರೂಟಿನಲ್ಲಿ. ಹೊಸದಾಗಿ ಡ್ಯೂಟಿಗೆ ಸೇರಿದ್ದೆ. ಚಿಲ್ಲರೆ ಇಲ್ಲ, ನಾಳೆ ಕೊಡುತ್ತೇನೆ ಅಂದರು. ನಾಳೆ ಯಾವ ಊರು ಸರ್, ಎಷ್ಟು ದೂರ ಅಂದೆ. ಎದ್ದು ನಿಂತು ನಮಸ್ಕಾರ ಮಾಡಿದರು. ಇಡೀ ಬಸ್ಸು ನೋಡಿತು. ಬಳಗ ಕಟ್ಟಿದ್ದು ಅದರ ಮುಂದಿನ ತಿಂಗಳು.

16 ನವೆಂಬರ್, ಭಾನುವಾರ

ಕಾಜಲ್ ರೀಲ್ ಮಾಡಿದ್ದಾಳೆ.

ಮಮ್ಮಿ ನೋಡ ಅಂತ ಅಡುಗೆಮನೆಗೆ ಬಂದಳು. ಹಸಿರು ದುಪಟ್ಟಾವನ್ನು ಮಡಚಿ ಕೂಸಿನ ಹಾಗೆ ತೋಳಿನಲ್ಲಿ ಹಿಡಿದುಕೊಂಡಿದ್ದಾಳೆ. ಆ ಹೀರೋಯಿನ್ ಧ್ವನಿಗೆ ತುಟಿ ಆಡಿಸುತ್ತಾಳೆ. ಕೊನೆಗೆ ಕಣ್ಣಲ್ಲಿ ನೀರು, ಖರೆ ನೀರು. ಹನ್ನೊಂದು ಸಾವಿರ ಜನ ನೋಡಿದ್ದಾರಂತೆ.

ಅವಳ ಗಲ್ಲ ನೋಡಿದೆ. ಅದೇ ಗಲ್ಲ, ಆ ಕೂಸಿನದು.

ಚಲೋ ಐತಿ ಅಂದೆ. ಬಚ್ಚಲಿಗೆ ಹೋಗಿ ನಳ ಬಿಟ್ಟುಕೊಂಡು ನಿಂತೆ. ಬಕೆಟ್ ತುಂಬಿ ಹರಿದರೂ ಬಂದ್ ಮಾಡಲಿಲ್ಲ.

20 ನವೆಂಬರ್, ಗುರುವಾರ

ಮೂಡಲಗಿ ಟ್ರಿಪ್. ಐವತ್ತು ನಿಮಿಷ ಹಾಲ್ಟ್. ಯೂನಿಫಾರ್ಮಿನಲ್ಲೇ ಸಾಯಿರಾ ಅಂಗಡಿಗೆ ಹೋದೆ.

ನಾಲ್ಕು ದಿನದಿಂದ ಲೆಕ್ಕ ಹಾಕುತ್ತಿದ್ದೆ. ಅದು ಬೆಸುಗೆ ಹಾಕಿದ ಡಬ್ಬಿ. ಗುರುರಾಜ ಸರ್‌ಗೆ ಬಲ್ಬ್ ಹಾಕಲೂ ಬರುವುದಿಲ್ಲ. ಬೆಸುಗೆ ಹಾಕಿದ ಕೈಯೇ ಬಿಚ್ಚಿರಬೇಕು.

ಗಿರಾಕಿ ಹೋಗುವವರೆಗೆ ನಿಂತೆ. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. ಸ್ಟೂಲ್ ಕೊಟ್ಟಳು. ಕೂರಲಿಲ್ಲ.

ಹೇಳಿದಳು, ತಡವರಿಸಿ ತಡವರಿಸಿ. ಕಳೆದ ವರ್ಷ ಪ್ರೊಡ್ಯೂಸರ್ ಹಟ ಹಿಡಿದಿದ್ದನಂತೆ, ಪತ್ರ ಒಡೆಯದಿದ್ದರೆ ಸಿನಿಮಾನೇ ಬೇಡ ಅಂತ. ಸರ್ ಎಷ್ಟು ಬರೆದರೂ ಅವನಿಗೆ ಒಪ್ಪಿಗೆ ಇಲ್ಲ. ಒಂದು ದಿನ ಹುಕ್ಕೇರಿಯಿಂದ ಬಂದು ಇದೇ ಸ್ಟೂಲಿನ ಮೇಲೆ ಕೂತು ಅತ್ತರಂತೆ. ಡಬ್ಬಿಯಲ್ಲಿ ಹದಿನಾಲ್ಕು ಪತ್ರ ಇವೆ, ಯಾವುದಾದರೂ ಒಂದು ದಾರಿ ತೋರಿಸೀತು ಅಂದರಂತೆ. ಇವಳು ಬೆಸುಗೆ ಬಿಚ್ಚಿ ಕೊಟ್ಟಳು.

“ನಾ ಒಂದೂ ಓದಿಲ್ಲ, ಮಾಲಾ. ಆಣಿ ಮಾಡಿ ಹೇಳ್ತೀನಿ. ಅಬ್ಬಾನ ಹೆಸರು ಪರದೆ ಮ್ಯಾಲ ಬರಬೇಕಿತ್ತು, ಅಷ್ಟ.”

“ನನ್ನ ಒಂದ ಮಾತ ಕೇಳಾಕ ಏನಾಗಿತ್ತ ನಿನಗ?”

ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟಳು. ಪರದೆಯ ಮೇಲೆ ಬಂದ ಹೆಸರು ನೋಡಿದೆಯಾ ಅಂತ ಅವಳೇ ಕೇಳಿದಳು. ನೋಡಿರಲಿಲ್ಲ. ಎರಡು ಸೆಕೆಂಡು ಬಂತಂತೆ. ‘ಅಕ್ಬರ್ ಷಾ’ ಅಂತ, ಹೆಸರೂ ತಪ್ಪು.

ನನಗೆ ಅವಳನ್ನು ಹೊಡೆಯಬೇಕು ಅನಿಸಿತ್ತು. ಅದು ಕೇಳಿದ ಮೇಲೆ ಅದೂ ಆಗಲಿಲ್ಲ. ಬಸ್ಸಿಗೆ ಹೊತ್ತಾಯಿತು ಅಂದು ಬಂದೆ. ಟೇಬಲ್ಲಿನ ಕೆಳಗೆ ಬಚ್ಚಿಟ್ಟಿದ್ದ ಖಾಲಿ ಡಬ್ಬಿ ತೆಗೆದು ಕೈಗೆ ಕೊಡಲು ಬಂದಳು. ತೆಗೆದುಕೊಳ್ಳಲಿಲ್ಲ.

23 ನವೆಂಬರ್, ಭಾನುವಾರ

ಹುಕ್ಕೇರಿ. ಗುರುರಾಜ ಸರ್ ಮನೆ. ಇವತ್ತು ಪ್ಯಾಸೆಂಜರ್ ಆಗಿ ಹೋದೆ, ಸೀರೆ ಉಟ್ಟು.

ಹಾಲ್‌ನಲ್ಲಿ ಶಾಲು, ಹೂವಿನ ಬುಕೆ, ಇನ್ನೂ ಪ್ಲಾಸ್ಟಿಕ್ ಬಿಚ್ಚಿಲ್ಲ. ಅವರ ಮನೆಯವರು ಚಹಾ ಕೊಟ್ಟು, ಆ ಪತ್ರದ ಸೀನ್ ನೋಡಿ ತಾನು ಎರಡು ದಿನ ಊಟ ಬಿಟ್ಟೆ ಅಂದರು. ನಮ್ಮ ಮನೆಯವರು ಬರೆದದ್ದು ಅಂತ ನನಗೇ ನಂಬಿಕೆ ಬರಲಿಲ್ಲ ನೋಡ್ರಿ ಅಂದರು. ಸರ್ ಅವರನ್ನು ಏನೋ ನೆಪ ಹೇಳಿ ಒಳಗೆ ಕಳಿಸಿದರು.

ಸುಳ್ಳು ಹೇಳಲಿಲ್ಲ ಆ ಮನುಷ್ಯ. ಅಷ್ಟು ಬರೆಯಬೇಕು.

“ಹದಿನಾಲ್ಕ ಸಲ ಬರದೇನ್ರಿ ಮಾಲಾ. ಒಂದೂ ನಿಲ್ಲಲಿಲ್ಲ. ನಿಮ್ಮದ ಓದಿದ ಮ್ಯಾಲ ಬ್ಯಾರೆ ಬರಿಯಾಕ ಕೈನ ಬರಲಿಲ್ಲ.”

“ಕೇಳಬೇಕಿತ್ತು ಸರ್.”

“ಕೇಳಿದ್ರ ಬ್ಯಾಡ ಅಂತಿದ್ರಿ.”

“ಹೌದ್ರಿ. ಅದಕ್ಕ ಕೇಳಬೇಕಿತ್ತು.”

ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ಗನ್ನು ತಾನು ಹಾಕಿದ್ದಲ್ಲ ಅಂದರು. ಬೀಚು ತನ್ನದಲ್ಲ. ಮುದಕವ್ವನನ್ನು ಉಳಿಸಲು ಮೂರು ತಿಂಗಳು ಜಗಳ ಮಾಡಿ ಸೋತರಂತೆ. ಇಡೀ ಸಿನಿಮಾದಲ್ಲಿ ತಾನು ತಲೆ ಎತ್ತಿ ನೋಡಬಹುದಾದದ್ದು ಅದೊಂದೇ ಸೀನು. ಅದೂ ತನ್ನದಲ್ಲ.

ಆಮೇಲೆ ಮೆತ್ತಗೆ ಕೇಳಿದರು. “ನಾ ಅದನ್ನ ಕಥಿ ಅನ್ಕೊಂಡಿದ್ನಿ. ಅದು... ಖರೆ ಏನ್ರಿ?”

ಹದಿನಾಲ್ಕು ವರ್ಷದ ಸ್ನೇಹ. ಒಂದು ದಿನವೂ ನಾನು ಹೇಳಿರಲಿಲ್ಲ, ಅವರಿಗೆ ಹೇಗೆ ಗೊತ್ತಾಗಬೇಕು. ಹೇಳಿದ್ದರೆ ಬಿಡುತ್ತಿದ್ದರೇ? ಗೊತ್ತಿಲ್ಲ. ಎದ್ದು ಚೀಲ ಹೆಗಲಿಗೆ ಹಾಕಿದೆ. ಅವರಿಗೆ ತಿಳಿಯಿತು. ಕೈಯಲ್ಲಿದ್ದ ಕಪ್ಪು ಬಸಿ ಕೆಳಗಿಟ್ಟರು.

ಟಿವಿಯಲ್ಲಿ ಬರುವ ಪ್ರಿಂಟಿನಲ್ಲಿ ನನ್ನ ಹೆಸರು ಹಾಕಿಸುತ್ತಾರಂತೆ. ಪತ್ರ: ಮಾಲಾ, ಗೋಕಾಕ. ಬೇಡ ಅಂದೆ. ಹೆಸರು ಹಾಕಿದರೆ ಡಿಪೋದವರು, ಓಣಿಯವರು, ಕಾಜಲ್ ಕಾಲೇಜಿನವರು... ಎಲ್ಲರೂ ಬಂದು ಕೂಸಿನ ಮುಖ ಹೇಗಿತ್ತು ಅಂತ ಕೇಳುತ್ತಾರೆ.

ಹಾಗಾದರೆ ಏನು ಮಾಡಲಿ ಹೇಳ್ರಿ ಅಂದರು. ಏನೂ ಮಾಡಲು ಬರುವುದಿಲ್ಲ ಸರ್ ಅಂದೆ. ಒಡೆದದ್ದನ್ನು ಮತ್ತೆ ಅಂಟಿಸಿದರೆ ಅಂಟಿಸಿದ್ದು ಕಾಣುತ್ತದೆ.

ಬಾಗಿಲವರೆಗೆ ಬಂದರು. ನಾನು ಹಿಂದೆ ತಿರುಗಿ ನೋಡಲಿಲ್ಲ.

30 ನವೆಂಬರ್, ಭಾನುವಾರ

ಒಂದು ವಾರ ಬರೆದಿಲ್ಲ. ಇವರು ಮನೆಯಲ್ಲಿ ಉಪ್ಪು, ನೀರು, ಕೀಲಿ — ಇಷ್ಟೇ ಮಾತು. ನಾನು ಕೂಸನ್ನು ಮಾರಿದೆ ಅಂತ ಇವರ ತಲೆಯಲ್ಲಿದೆ. ಡಬ್ಬಿಯ ವಿಷಯ ಹೇಳಲು ಎರಡು ಸಲ ಬಾಯಿ ತೆಗೆದೆ. ಡಬ್ಬಿಗೆ ಯಾಕೆ ಬರೆದೆ ಅಂತ ಕೇಳಿದರೆ? ಅಲ್ಲಿಗೇ ನಿಲ್ಲುತ್ತೇನೆ.

ಇವತ್ತು ಬಳಗ ಸೇರಿತು. ಮೂಡಲಗಿ ಬೇಡ ಅಂತ ಗೋಕಾಕದಲ್ಲೇ, ಲೈಬ್ರರಿಯ ಹಿಂದಿನ ಕೋಣೆಯಲ್ಲಿ. ಹೋಗಬಾರದು ಅಂದುಕೊಂಡಿದ್ದೆ. ಹೋದೆ. ವಿಶಾಲ ಪೇಪರಿನವರಿಗೆ ಕೊಡಲು ಬಹಿರಂಗ ಪತ್ರ ಬರೆದು ತಂದಿದ್ದ. ನಿಂತುಕೊಂಡು ಓದಿದ. ಮೊದಲ ಪುಟ ಚೆನ್ನಾಗಿತ್ತು — ಮುದಕವ್ವನ ಬಗ್ಗೆ, ನಮ್ಮ ಮಾತನ್ನು ಕಳ್ಳನ ಬಾಯಿಗೆ ಹಾಕಿದ್ದರ ಬಗ್ಗೆ. ಅಲ್ಲಪ್ಪ ಕಾಕಾ ತಲೆದೂಗಿದರು. ಎರಡನೇ ಪುಟ ಪೂರ್ತಿ ಆ ಸೀನು. ‘ತಾಯಿಯ ಸಂಕಟ ಏನೆಂದು ತಿಳಿಯದ ಯಾರೋ ದುಡ್ಡಿನ ಆಸೆಗೆ ಗೀಚಿದ ಸಾಲುಗಳು’ — ಹಾಗೆ ಇತ್ತು.

ಸಾಯಿರಾ ಎದ್ದಳು. ಏನೋ ಹೇಳಲು ಬಂದಳು, ನನ್ನನ್ನು ನೋಡಿ ನಿಂತಳು. ಅವಳ ಬಾಯಿಂದ ಬರುವುದು ಬೇಡ ಅನಿಸಿತು.

“ವಿಶಾಲ, ಆ ಪತ್ರ ನಂದಪಾ.”

ಅವನಿಗೆ ತಿಳಿಯಲಿಲ್ಲ. ಡಬ್ಬಿಯಲ್ಲಿದ್ದದ್ದು ಅಂದೆ. ನನ್ನ ಮೊದಲನೇ ಮಗಳು, ಒಂಬತ್ತು ದಿನ ಇದ್ದಳು ಅಂದೆ. ಅಳು ಬರಲಿಲ್ಲ. ಟಿಕೆಟ್ ಕೇಳುವ ಧ್ವನಿಯಲ್ಲೇ ಹೇಳಿದೆ.

ವಿಶಾಲ ಕೈಯಲ್ಲಿದ್ದ ಹಾಳೆ ಮಡಚಿದ, ಇನ್ನೂ ಸಣ್ಣಗೆ ಮಡಚಿದ. “ಅಕ್ಕಾರ...” ಅಂದು ಅದನ್ನು ಕಿಸೆಗೆ ಹಾಕಿದ. ಅಲ್ಲಪ್ಪ ಕಾಕಾ ಬಂದು ನನ್ನ ತಲೆಯ ಮೇಲೆ ಕೈ ಇಟ್ಟರು. ಮೂವತ್ತೆಂಟು ವರ್ಷ ಟಪಾಲು ಹಂಚಿದೆ, ಒಂದು ಲಕೋಟೆ ಬೆಳಕಿಗೆ ಹಿಡಿದು ನೋಡಿಲ್ಲ ಅಂದರು. ಸಾಯಿರಾ ಕೇಳುವ ಹಾಗೆ ಹೇಳಿದರು. ಅವಳು ಚಪ್ಪಲಿ ಹಾಕಿಕೊಂಡು ಹೊರಟುಹೋದಳು.

ಇನ್ನು ಈ ಬಳಗ ಸೇರುವುದಿಲ್ಲ. ಯಾರೂ ಹಾಗೆ ಹೇಳಲಿಲ್ಲ. ಮುಂದಿನ ತಿಂಗಳ ತಾರೀಖು ಯಾರೂ ಕೇಳಲಿಲ್ಲ.

ಮನೆಗೆ ಬರುವಾಗ ಗೊತ್ತಾಯಿತು — ಹತ್ತು ಜನರ ಮುಂದೆ ಹೇಳಿಬಿಟ್ಟೆ. ಇನ್ನು ಕಾಜಲ್ ಕಿವಿಗೆ ಬೇರೆ ಯಾರಿಂದಲೋ ಬೀಳುತ್ತದೆ. ನಾನೇ ಹೇಳಬೇಕು, ಬೇಗ.

1 ಡಿಸೆಂಬರ್, ಸೋಮವಾರ

ಹೇಳಲಿಲ್ಲ. ಡಬಲ್ ಡ್ಯೂಟಿ ಅಂತ ನೆಪ.

2 ಡಿಸೆಂಬರ್, ಮಂಗಳವಾರ. ಮಧ್ಯಾಹ್ನ 3.15. ವಾರದ ರಜೆ

ಕಾಜಲ್ ಕಾಲೇಜಿನಿಂದ ಬೇಗ ಬಂದಳು. ಕೈ ತೊಳೆದುಕೊಂಡು ಬಾ ಅಂದೆ. ಟ್ರಂಕು ಎಳೆದೆ. ಹಳೇ ಸೀರೆಗಳ ಕೆಳಗಿನಿಂದ ಕುಂಚಿಗೆ ತೆಗೆದು ಅವಳ ತೊಡೆಯ ಮೇಲೆ ಇಟ್ಟೆ. ಹಸಿರು ಮಾಸಿ ಬೂದಿಯಾಗಿದೆ. ಕಟ್ಟುವ ಲಾಡಿ ಮಾತ್ರ ಹಾಗೇ ಇದೆ.

ಮೊದಲು ನಕ್ಕಳು, ಇದೇನು ನನ್ನದಾ ಅಂದಳು. ನಿನ್ನ ಅಕ್ಕನದು ಅಂದೆ. ಹೇಳುತ್ತ ಹೋದೆ. ಚಳಿ, ಒಂಬತ್ತು ದಿನ, ಡಬ್ಬಿ, ಸಾಯಿರಾ, ಸರ್ — ಎಲ್ಲ. ಎಷ್ಟು ಹೊತ್ತು ಹೇಳಿದೆನೋ.

ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಸಿಟ್ಟಿಗೆದ್ದಳು.

“ರೀಲ್ ನೋಡಿ ಚಲೋ ಐತಿ ಅಂದಿ ನೀ. ನನ್ನ ಮುಂದ ನಿಂತ ಅಂದಿ.”

ಹೌದು ಅಂದೆ.

“ಹದಿನಾರ ವರ್ಷ ನನಗ ಹೇಳಾಕ ಆಗಲಿಲ್ಲ ನಿನಗ. ಡಬ್ಬಿಗೆ ಹೇಳಿದಿ.”

ಅದಕ್ಕೂ ಹೌದು ಅನ್ನಬೇಕಿತ್ತು. ಒಂದು ತಿಂಗಳಿಂದ ನನಗೆ ಮೋಸ ಮಾಡಿದವರ ಹೆಸರು ಎಣಿಸುತ್ತ ಕೂತಿದ್ದೆ. ಇವಳು ನನ್ನ ಹೆಸರು ಹೇಳಿದಳು.

ಫೋನು ತೆಗೆದು ರೀಲ್ ಡಿಲೀಟ್ ಮಾಡಿದಳು. ನಾನು ಹೇಳಿರಲಿಲ್ಲ. ನಲವತ್ತು ಸಾವಿರ ದಾಟಿತ್ತು. ಆಮೇಲೆ ಬಹಳ ಹೊತ್ತು ಕುಂಚಿಗೆಯ ಲಾಡಿ ಬೆರಳಿಗೆ ಸುತ್ತುತ್ತ ಕೂತಳು. ಅಕ್ಕನ ಹೆಸರು ಏನು ಅಂದಳು.

ಹೆಸರು ಇಟ್ಟಿರಲಿಲ್ಲ ಅಂದೆ. ಹದಿಮೂರನೇ ದಿನ ತೊಟ್ಟಿಲಿಗೆ ಹಾಕುವುದಿತ್ತು. ಅಷ್ಟು ದಿನ ಇರಲಿಲ್ಲ.

“ಇತ್ತು.”

ಇವರು. ಊಟಕ್ಕೆ ಬಂದವರು ಯಾವಾಗಿನಿಂದ ಬಾಗಿಲಲ್ಲಿ ನಿಂತಿದ್ದರೋ. ಕೈಗೆ ವೆಲ್ಡಿಂಗಿನ ಕರಿ, ಬೆರಳ ಸಂದಿಯಲ್ಲಿ ಸೋಪಿನ ನೊರೆ, ತೊಳೆಯುತ್ತ ನಡುವೆಯೇ ಬಂದಿದ್ದಾರೆ. ಡಬ್ಬಿಯ ಮಾತೂ ಕೇಳಿಸಿಕೊಂಡಿದ್ದಾರೆ ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನನ್ನ ಕಡೆ ನೋಡಿದರು, ಇಪ್ಪತ್ತೈದು ದಿನದ ನಂತರ.

“ನಾ ಒಂದ ಇಟ್ಟಿದ್ನಿ. ಬಟ್ಟಿ ತರಾಕ ಹೋದಾಗ ಹಾದ್ಯಾಗ ಇಟ್ಟಿದ್ನಿ. ಕರಿಯಾಕ ಆಗಲಿಲ್ಲ.”

ಹೇಳಿದರು. ಎರಡು ಅಕ್ಷರದ ಹೆಸರು. ಹೇಳಿ ಅಲ್ಲೇ ಹೊಸ್ತಿಲ ಮೇಲೆ ಕೂತರು.

ಹದಿನೆಂಟು ವರ್ಷ. ನನಗೂ ಹೇಳಿರಲಿಲ್ಲ. ಬಾಜೂದಲ್ಲೇ ಮಲಗುವ ಮನುಷ್ಯ.

ಕಾಜಲ್ ಮೆಲ್ಲಗೆ ಎರಡು ಸಲ ಹೇಳಿ ನೋಡಿದಳು, ಯಾರನ್ನೋ ಕರೆಯುವ ಹಾಗೆ. ಈಗ ಇಬ್ಬರೂ ಹೊರಗೆ ಕೂತಿದ್ದಾರೆ, ಏನೋ ಮಾತಾಡುತ್ತಿದ್ದಾರೆ. ಅವಳು ಕೇಳುತ್ತಾಳೆ, ಇವರು ಹೇಳುತ್ತಾರೆ. ಇವರ ಇಷ್ಟು ಮಾತು ಕೇಳಿ ಎಷ್ಟು ವರ್ಷವಾಯಿತೋ.

ಹೆಸರು ಇಲ್ಲಿ ಬರೆಯಬೇಕು ಅಂತ ಕೂತೆ. ಮೊದಲಕ್ಷರ ಬರೆದೆ. ಹೊಡೆದು ಹಾಕಿದೆ, ಕೆಳಗಿನ ಅಕ್ಷರ ಕಾಣದ ಹಾಗೆ ಹೊಡೆದೆ.

ಬೇಡ. ಮೂರು ಜನಕ್ಕೆ ಗೊತ್ತಿದೆ, ಸಾಕು. ಇನ್ನು ಈ ಡೈರಿಯನ್ನು ನಾನು ಮುಚ್ಚಿಡುತ್ತೇನೆ, ಹೊರಗೆ ಕಾಜಲ್ ಕರೆಯುತ್ತಿದ್ದಾಳೆ.